ಮೊಟ್ಟೆಯ ಕಿಟಕಿಯಲ್ಲಿ ಜೇನಹನಿ



ಜೇನುತುಪ್ಪದ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತಿವೆ. ಜೇನು ಹಚ್ಚಿದರೆ ಗಾಯ ಬೇಗ ಮಾಯುತ್ತದೆ, ಏಕೆಂದರೆ ಅದು ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ ಎಂಬುದು ಒಂದು. ಜೇನು ತಿಂದರೆ ಕ್ಯಾನ್ಸರ್ ಗಡ್ಡೆ ಕುಗ್ಗುತ್ತದೆ, ಏಕೆಂದರೆ ಅದು ರಕ್ತನಾಳ ಬೆಳೆಯದಂತೆ ತಡೆಯುತ್ತದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರೂ ಇದ್ದಾರೆ. ಬೆಳೆಸುವುದೂ ಜೇನೇ, ತಡೆಯುವುದೂ ಜೇನೇ ಎಂದರೆ ಕೇಳಿದವರು ಯಾವುದನ್ನು ನಂಬಬೇಕು? ಈ ಪ್ರಶ್ನೆಯನ್ನು ಇಟ್ಟುಕೊಂಡು ವಿಜ್ಞಾನಿಗಳು ಹೋಗುವ ಜಾಗಗಳಲ್ಲಿ ಒಂದು ಕೋಳಿಮೊಟ್ಟೆ. ಕಾವಿನಲ್ಲಿರುವ ಮೊಟ್ಟೆಯೊಳಗೆ ಜೇನಿನ ಒಂದು ಹನಿ ಏನು ಮಾಡುತ್ತದೆ, ಅದರಿಂದ ನಾವು ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದೇ ಇಂದಿನ ಮಾತು.

ಮೊದಲು ಮೊಟ್ಟೆಯನ್ನೇ ನೋಡೋಣ. ಅಂಗಡಿಯ ಫಾರಂ ಮೊಟ್ಟೆಯಿಂದ ಮರಿಯಾಗುವುದಿಲ್ಲ. ಹುಂಜದೊಡನೆ ಕೂಡಿದ ಹೇಂಟೆ ಇಟ್ಟ ಮೊಟ್ಟೆಯೇ ಬೇಕು. ಅದನ್ನು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ತೇವದ ಗಾಳಿಯಲ್ಲಿ ಇಟ್ಟು ಆಗಾಗ ಹೊರಳಿಸುತ್ತಿದ್ದರೆ 21ನೆಯ ದಿನಕ್ಕೆ ಮರಿ ಹೊರಬರುತ್ತದೆ. ಕಾವಿಗೆ ಕೂತ ಹೇಂಟೆ ಮಾಡುವುದೂ ಇದನ್ನೇ, ಹ್ಯಾಚರಿಯ ಇನ್‌ಕ್ಯುಬೇಟರ್ ಮಾಡುವುದೂ ಇದನ್ನೇ. ನಾಲ್ಕನೆಯ ದಿನ ರಾತ್ರಿ, ದೀಪ ಆರಿಸಿ, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿಯಿರಿ. ಓಡಿನ ಒಳಗೆಲ್ಲ ಕಿತ್ತಳೆ ಬೆಳಕು ತುಂಬುತ್ತದೆ. ಒಂದು ಪಕ್ಕದಲ್ಲಿ ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಹರಡಿದ ಕೆಂಪು ಗೆರೆಗಳು ಕಾಣುತ್ತವೆ. ಗೆರೆ ಕಂಡ ಮೊಟ್ಟೆಯನ್ನು ಹ್ಯಾಚರಿಯವರು ಉಳಿಸಿಕೊಳ್ಳುತ್ತಾರೆ, ಕಾಣದ್ದನ್ನು ತೆಗೆದುಹಾಕುತ್ತಾರೆ. ರಕ್ತನಾಳವೇ ಅಲ್ಲಿ ಜೀವದ ಗುರುತು.

ಈ ಗುರುತನ್ನು ಮನುಷ್ಯ ಗಮನಿಸಿದ್ದು ಇವತ್ತು ನಿನ್ನೆಯಲ್ಲ. ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಬೇರೆ ಬೇರೆ ದಿನಗಳ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಒಂದು ರಕ್ತದ ಚುಕ್ಕೆ ಮಿಡಿಯುವುದನ್ನು ಬರೆದಿಟ್ಟ. ಅದು ಹೃದಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಿಡಿತ ಎರಡನೆಯ ದಿನದಲ್ಲೇ ಶುರುವಾಗಿರುತ್ತದೆ. ರಕ್ತ ಮೈಯೆಲ್ಲ ಸುತ್ತುತ್ತದೆ ಎಂದು 1628ರಲ್ಲಿ ಸಾರಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ ಕೂಡ ಕೋಳಿಮೊಟ್ಟೆಯ ಭ್ರೂಣವನ್ನು ನೋಡಿದವನೇ. ಆದರೆ ಧಮನಿಯಿಂದ ಅಭಿಧಮನಿಗೆ ರಕ್ತ ಯಾವ ದಾರಿಯಲ್ಲಿ ದಾಟುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಆ ಸಣ್ಣ ದಾರಿಗಳನ್ನು, ಅಂದರೆ ಲೋಮನಾಳಗಳನ್ನು ಕಂಡ. ಮುಂದೆ ಅವನೂ ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವ ಬಗೆಯನ್ನು ಚಿತ್ರಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ.

ಮೊಟ್ಟೆಯೊಳಗಿನ ಮರಿಗೆ ಗಾಳಿ ಎಲ್ಲಿಂದ? ಓಡಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಆ ರಂಧ್ರಗಳ ಒಳಮೈಗೆ ಒತ್ತಿಕೊಂಡಂತೆ ಭ್ರೂಣ ಒಂದು ಪೊರೆಯನ್ನು ಹರಡುತ್ತದೆ. ಇದಕ್ಕೆ ಕೋರಿಯೋ-ಅಲಾಂಟೋಯಿಕ್ ಪೊರೆ ಎಂದು ಹೆಸರು, ಪ್ರಯೋಗಾಲಯದವರ ಬಾಯಲ್ಲಿ ಬರೀ ಕ್ಯಾಮ್. ನಾಲ್ಕನೆಯ ದಿನದ ಹೊತ್ತಿಗೆ ಮೊಳೆತು, ಹತ್ತು ಹನ್ನೆರಡನೆಯ ದಿನಕ್ಕೆ ಓಡಿನ ಒಳಗೋಡೆಯನ್ನೆಲ್ಲ ಆವರಿಸುತ್ತದೆ. ಆಮ್ಲಜನಕ ಒಳಗೆ ಬರುವುದು, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದು ಇದರ ಮೂಲಕ. ಮರಿಯ ಎಲುಬಿಗೆ ಬೇಕಾದ ಸುಣ್ಣದ ಅಂಶವನ್ನು ಓಡಿನಿಂದ ಕರಗಿಸಿ ತರುವುದೂ ಇದೇ. ಹುಟ್ಟುವ ಮುಂಚೆ ಮರಿ ಗಾಳಿಕೋಣೆಗೆ ಕೊಕ್ಕು ತೂರಿಸಿ ಶ್ವಾಸಕೋಶದಿಂದ ಉಸಿರಾಡತೊಡಗಿದ ಮೇಲೆ ಈ ಪೊರೆಯ ಕೆಲಸ ಮುಗಿಯಿತು. ಮರಿ ಹೊರಬಂದ ಓಡನ್ನು ತಿರುವಿ ನೋಡಿದರೆ ಒಳಮೈಗೆ ಅಂಟಿ ಒಣಗಿದ ಪೊರೆಯ ಮೇಲೆ ನಾಳಗಳ ಗುರುತು ಉಳಿದಿರುತ್ತದೆ.

ಇಷ್ಟು ತೆಳುವಾದ, ಇಷ್ಟು ರಕ್ತ ಹರಿಯುವ, ಬರಿಗಣ್ಣಿಗೆ ಕಾಣುವ ಪೊರೆ ಪ್ರಯೋಗಕ್ಕೆ ಒದಗಿಬಂದದ್ದು ಸಹಜ. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಮತ್ತು ಜೇಮ್ಸ್ ಮರ್ಫಿ ಕೋಳಿಯ ಗಡ್ಡೆಯನ್ನು ಇದರ ಮೇಲೆ ಬೆಳೆಸಿ ತೋರಿಸಿದರು. 1931ರಲ್ಲಿ ಗುಡ್‌ಪಾಶ್ಚರ್ ಮತ್ತು ವುಡ್ರಫ್ ಎಂಬ ವಿಜ್ಞಾನಿಗಳು ಇದೇ ಪೊರೆಯ ಮೇಲೆ ವೈರಸ್ಸನ್ನು ಬೆಳೆಸಿದರು. ಇಂದಿಗೂ ಫ್ಲೂ ಲಸಿಕೆಯ ಬಹುಪಾಲು ಕಾವಿನ ಮೊಟ್ಟೆಯಲ್ಲೇ ತಯಾರಾಗುತ್ತದೆ. ನಮ್ಮ ಕೋಳಿ ಸಾಕುವವರು ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ ಹಾಕಿಸುವ ಲಸಿಕೆಯೂ ಮೊಟ್ಟೆಯಲ್ಲೇ ಬೆಳೆದದ್ದು.

ಈಗ ರಕ್ತನಾಳದ ಕಥೆಗೆ ಬರೋಣ. ದೊಡ್ಡವರ ಮೈಯಲ್ಲಿ ಹೊಸ ನಾಳ ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಗಾಯವಾದಾಗ, ಹೆಂಗಸರ ಋತುಚಕ್ರದಲ್ಲಿ, ಬಸಿರಿನಲ್ಲಿ, ಹೀಗೆ ಅಗತ್ಯ ಬಿದ್ದಾಗ ಮಾತ್ರ ಇದ್ದ ನಾಳದಿಂದ ಚಿಗುರು ಒಡೆಯುತ್ತದೆ. ಜೀವಕೋಶಕ್ಕೆ ಆಮ್ಲಜನಕ ಸಾಲದೆ ಹೋದಾಗ ಅದು ಒಂದು ಪ್ರೋಟೀನನ್ನು ಸ್ರವಿಸುತ್ತದೆ. ಆ ಪ್ರೋಟೀನಿನ ಹೆಸರು ವಿಇಜಿಎಫ್. 1989ರಲ್ಲಿ ವಿಜ್ಞಾನಿ ನೆಪೋಲಿಯೋನ್ ಫೆರಾರಾ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದು ಹತ್ತಿರದ ನಾಳಕ್ಕೆ ತಲುಪಿದಾಗ ನಾಳದ ಒಳಪದರದ ಕೋಶಗಳು ಒಡೆದು ಹೆಚ್ಚಿ, ಆ ದಿಕ್ಕಿಗೆ ಹೊರಡುತ್ತವೆ. ಆಮ್ಲಜನಕದ ಕೊರತೆಯನ್ನು ಕೋಶ ಹೇಗೆ ಅರಿಯುತ್ತದೆ ಎಂಬುದನ್ನು ಕಂಡುಹಿಡಿದ ಮೂವರಿಗೆ 2019ರ ನೊಬೆಲ್ ಬಂತು.

ಬಿದ್ದು ಮೊಣಕಾಲು ತರಚಿಕೊಂಡ ಮಗುವಿನ ಗಾಯವನ್ನು ನಾಲ್ಕೈದು ದಿನ ಬಿಟ್ಟು ಹತ್ತಿರದಿಂದ ನೋಡಿ. ತಳದಲ್ಲಿ ಕೆಂಪಗೆ, ಹಸಿಯಾಗಿ, ಸಣ್ಣ ಸಣ್ಣ ಗುಳ್ಳೆಗಳಂತೆ ಎದ್ದ ಮಾಂಸ ಕಾಣುತ್ತದೆ. ಮುಟ್ಟಿದರೆ ಸಾಕು, ರಕ್ತ ಜಿನುಗುತ್ತದೆ. ಒಂದೊಂದು ಗುಳ್ಳೆಯ ಒಳಗೂ ಹೊಸ ಲೋಮನಾಳಗಳ ಕುಣಿಕೆ ಇರುತ್ತದೆ. ಡ್ರೆಸ್ಸಿಂಗ್ ಬಿಚ್ಚಿದ ಡಾಕ್ಟರು ಈ ಕೆಂಪನ್ನು ಕಂಡರೆ ಸಮಾಧಾನಪಡುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ತಿಂಗಳುಗಟ್ಟಲೆ ಮಾಯದೆ ಸತಾಯಿಸುವುದಕ್ಕೆ ಈ ಕೆಂಪು ಬಾರದಿರುವುದೂ ಒಂದು ಕಾರಣ.

ಆದರೆ ಇದೇ ಚಿಗುರು ತಪ್ಪು ಜಾಗದಲ್ಲಿ ಒಡೆದರೆ ಅನಾಹುತ. ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ತನ್ನದೇ ರಕ್ತನಾಳ ಬೇಕು, ನಾಳವನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಬರೆದರು. ಆಗ ಬಹಳ ಜನ ಒಪ್ಪಲಿಲ್ಲ. ಫೋಕ್‌ಮನ್ ಪ್ರಯೋಗಾಲಯದಲ್ಲಿ ಕೋಳಿಮೊಟ್ಟೆಯ ಪೊರೆ ದಿನನಿತ್ಯದ ಸಲಕರಣೆಯಾಗಿತ್ತು. 2004ರಲ್ಲಿ ವಿಇಜಿಎಫ್ ಅನ್ನು ಹಿಡಿದಿಡುವ ಬೆವಾಸಿಜುಮಾಬ್ ಎಂಬ ಔಷಧಿ ಕರುಳಿನ ಕ್ಯಾನ್ಸರಿಗೆ ಮಂಜೂರಾಯಿತು. ಸಕ್ಕರೆ ಕಾಯಿಲೆಯವರ ಅಕ್ಷಿಪಟದಲ್ಲಿ ಅನಗತ್ಯ ನಾಳಗಳು ಬೆಳೆದು ದೃಷ್ಟಿ ಹೋಗುವುದನ್ನು ತಡೆಯಲು ಕಣ್ಣಿನ ವೈದ್ಯರು ಚುಚ್ಚುವುದೂ ಇದೇ ಬಗೆಯ ಔಷಧಿಯನ್ನು. ಗಮನಿಸಿ: ಒಬ್ಬನೇ ರೋಗಿ, ಪಾದದಲ್ಲಿ ನಾಳ ಬೇಕು, ಕಣ್ಣಿನಲ್ಲಿ ಬೇಡ. ಹಾಗಾಗಿ ಒಂದು ಪದಾರ್ಥ ರಕ್ತನಾಳ ಬೆಳೆಸುತ್ತದೆ ಎಂದಷ್ಟೇ ಹೇಳಿದರೆ ಅದು ಹೊಗಳಿಕೆಯೂ ಆಗುವುದಿಲ್ಲ, ತೆಗಳಿಕೆಯೂ ಆಗುವುದಿಲ್ಲ. ಎಲ್ಲಿ, ಎಷ್ಟು, ಯಾವಾಗ ಎಂದು ಕೇಳಬೇಕು.

ಮೊಟ್ಟೆಯಲ್ಲಿ ಈ ಪರೀಕ್ಷೆ ನಡೆಯುವ ಬಗೆ ಹೀಗೆ. ಕಾವಿಗಿಟ್ಟ ಮೂರನೆಯ ದಿನ ಮೊಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಸಿರಿಂಜ್ ಚುಚ್ಚಿ ಎರಡು ಮೂರು ಮಿಲಿಲೀಟರ್ ಬಿಳಿ ಲೋಳೆಯನ್ನು ಎಳೆದು ತೆಗೆಯುತ್ತಾರೆ. ಒಳಗಿನ ಮಟ್ಟ ಇಳಿದು ಭ್ರೂಣ ಓಡಿನಿಂದ ಬೇರಾಗುತ್ತದೆ. ಆಮೇಲೆ ಮೇಲ್ಭಾಗದ ಓಡನ್ನು ಚಿಕ್ಕ ಕತ್ತರಿಯಿಂದ ಚೌಕವಾಗಿ ಕತ್ತರಿಸಿ ಕಿಟಕಿ ಮಾಡಿ, ಪಾರದರ್ಶಕ ಟೇಪಿನಿಂದ ಮುಚ್ಚಿ ಮತ್ತೆ ಕಾವಿಗೆ ಇಡುತ್ತಾರೆ. ಏಳೆಂಟನೆಯ ದಿನ ಟೇಪು ಬಿಡಿಸಿದರೆ ಒದ್ದೆಯಾಗಿ ಹೊಳೆಯುವ ಪೊರೆ ಕಾಣುತ್ತದೆ. ಅದರ ಮೇಲೆ ದಪ್ಪ ನಾಳ ಒಡೆದು ಎರಡು, ಎರಡು ಒಡೆದು ನಾಲ್ಕು, ಕೊನೆಗೆ ಕಣ್ಣಿಗೆ ಸಿಗದಷ್ಟು ತೆಳುವಾಗಿ ಹಬ್ಬಿರುತ್ತದೆ. ಕೆಳಗೆ ಭ್ರೂಣದ ಕರಿಯ ಕಣ್ಣು, ಆಗಾಗ ಮಿಸುಕಾಡುವ ಮೈ. ನಾಳಗಳು ಕಡಿಮೆ ಇರುವ ಕಡೆ ನೋಡಿ, ಪರೀಕ್ಷಿಸಬೇಕಾದ ದ್ರವದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಇಟ್ಟು ಕಿಟಕಿ ಮುಚ್ಚುತ್ತಾರೆ. ಎರಡು ಮೂರು ದಿನ ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಕವಲುಗಳನ್ನು ಎಣಿಸುತ್ತಾರೆ. ದ್ರವ ನಾಳಗಳನ್ನು ಕರೆಯುವಂಥದ್ದಾದರೆ ಬಂಡಿಚಕ್ರದ ಅರಗಳಂತೆ ಎಲ್ಲ ಕಡೆಯಿಂದ ನಾಳಗಳು ಬಿಲ್ಲೆಯತ್ತ ನುಗ್ಗಿರುತ್ತವೆ. ತಡೆಯುವಂಥದ್ದಾದರೆ ಬಿಲ್ಲೆಯ ಸುತ್ತ ಬಿಳಿಚಿದ ಬಯಲು ಉಳಿಯುತ್ತದೆ. ಮರಿ ಪೂರ್ತಿ ಬೆಳೆಯುವ ಮುಂಚೆಯೇ ಪ್ರಯೋಗವನ್ನು ನಿಲ್ಲಿಸುತ್ತಾರೆ.

ನಮ್ಮ ರಾಜ್ಯದಲ್ಲೂ ಈ ವಿದ್ಯೆ ಬಳಕೆಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭಾರತಿ ಸಾಲಿಮಠ ಮತ್ತು ಅವರ ಸಹೋದ್ಯೋಗಿಗಳು ಅರಿಸಿನದ ಕರ್ಕ್ಯುಮಿನ್ ರಕ್ತನಾಳದ ಬೆಳವಣಿಗೆಯನ್ನು ಹೇಗೆ ತಗ್ಗಿಸುತ್ತದೆ ಎಂದು ನೋಡಿ 2002ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಲಿಯ ಜೊತೆಗೆ ಕೋಳಿಮೊಟ್ಟೆಯ ಪೊರೆಯೂ ಇತ್ತು.

ಬಿಲ್ಲೆಯ ಮೇಲೆ ಕರ್ಕ್ಯುಮಿನ್ ಇಟ್ಟರೆ ಅಲ್ಲಿರುವುದು ಒಂದೇ ರಾಸಾಯನಿಕ. ಜೇನು ಇಟ್ಟರೆ ಅಲ್ಲಿರುವುದು ಒಂದು ಸಂತೆ. ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸಕ್ಕರೆ, ಅದರಲ್ಲಿ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಮುಖ್ಯ. ಉಳಿದದ್ದು ಬಹುಮಟ್ಟಿಗೆ ನೀರು. ಇಷ್ಟು ಸಕ್ಕರೆ ಇರುವ ಕಡೆ ಸೂಕ್ಷ್ಮಾಣುಗಳು ಬದುಕುವುದು ಕಷ್ಟ, ಅದು ಅವುಗಳ ನೀರನ್ನೇ ಹೀರಿಬಿಡುತ್ತದೆ. ಜೊತೆಗೆ ಜೇನು ಹುಳಿ, ಅದರ ಪಿಎಚ್ ನಾಲ್ಕರ ಆಸುಪಾಸು. ಜೇನ್ನೊಣ ತನ್ನ ಗ್ರಂಥಿಯಿಂದ ಸೇರಿಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವೂ ಅದರಲ್ಲಿದೆ. ಗಟ್ಟಿ ಜೇನಿನಲ್ಲಿ ಈ ಕಿಣ್ವ ಸುಮ್ಮನಿರುತ್ತದೆ. ಗಾಯದ ಕೀವು ರಸಿಗೆ ಬೆರೆತು ನೀರಾದಾಗ ಕೆಲಸ ಶುರುಮಾಡಿ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಕೊನೆಯದಾಗಿ, ಹೂವಿನಿಂದ ಬಂದ ಕ್ರೈಸಿನ್, ಕ್ವೆರ್ಸೆಟಿನ್, ಕೆಫೀಕ್ ಆಮ್ಲದಂಥ ಪಾಲಿಫಿನಾಲುಗಳು ತೀರ ಸ್ವಲ್ಪ ಪ್ರಮಾಣದಲ್ಲಿರುತ್ತವೆ.

ಇವು ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಪೆರಾಕ್ಸೈಡ್ ಅತಿ ಕಡಿಮೆ ಇದ್ದರೆ ಜೀವಕೋಶಕ್ಕೆ ಅದೊಂದು ಸೂಚನೆ, ವಿಇಜಿಎಫ್ ಹೆಚ್ಚಾಗಬಹುದು. ಜಾಸ್ತಿಯಾದರೆ ಅದೇ ವಿಷ, ಕೋಶ ಸಾಯುತ್ತದೆ. ಕ್ರೈಸಿನ್, ಕ್ವೆರ್ಸೆಟಿನ್‌ಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅವು ನಾಳದ ಚಿಗುರನ್ನು ತಡೆದದ್ದುಂಟು. ಅಂದಮೇಲೆ ಒಂದೇ ಜೇನು ತೆಳು ಮಾಡಿದಾಗ ಒಂದು ಉತ್ತರ, ಗಟ್ಟಿಯಾಗಿದ್ದಾಗ ಇನ್ನೊಂದು ಉತ್ತರ ಕೊಟ್ಟರೆ ಅಚ್ಚರಿಪಡಬೇಕಾಗಿಲ್ಲ. ಮೊಟ್ಟೆಯ ಹೊರಗಿನ ಪ್ರಯೋಗಗಳು ತೋರಿಸಿರುವುದೂ ಇದನ್ನೇ. ಇಲಿಯ ಮಹಾಧಮನಿಯನ್ನು ಉಂಗುರಗಳಾಗಿ ಕತ್ತರಿಸಿ, ಅದರ ಅಂಚಿನಿಂದ ಚಿಗುರು ಹೊರಡುತ್ತದೆಯೇ ಎಂದು ನೋಡುವ ಒಂದು ವಿಧಾನವಿದೆ. 2010ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ವಿಧಾನದಲ್ಲಿ ಜೇನು ಚಿಗುರನ್ನು ಹೆಚ್ಚಿಸಿತೆಂದು ವರದಿ ಮಾಡಿದರು. 2014ರಲ್ಲಿ ಇರಾನಿನ ತಬ್ರೀಜ್ ನಗರದ ಸಂಶೋಧಕರು ಇಲಿಯ ಬೆನ್ನಿನ ಚರ್ಮದಡಿ ಗಾಳಿ ತುಂಬಿ, ಅಲ್ಲಿ ಉರಿಯೂತ ಎಬ್ಬಿಸಿ ಜೇನು ಪ್ರಯೋಗಿಸಿದರು. ಅಲ್ಲಿ ನಾಳಗಳ ಬೆಳವಣಿಗೆಯೂ ವಿಇಜಿಎಫ್ ಪ್ರಮಾಣವೂ ತಗ್ಗಿದವು. ಒಬ್ಬರ ಪ್ರಯೋಗ ಇನ್ನೊಬ್ಬರದನ್ನು ಸುಳ್ಳು ಮಾಡಿತು ಎನ್ನುವಂತಿಲ್ಲ. ಮೊದಲನೆಯದು ಉರಿಯೂತವಿಲ್ಲದ ನಾಳದ ತುಂಡು, ಎರಡನೆಯದು ಉರಿಯೂತದಿಂದ ಕೆಂಪೇರಿದ ಅಂಗಾಂಶ. ಕೇಳಿದ ಪ್ರಶ್ನೆಗಳೇ ಬೇರೆ.

ಮೊಟ್ಟೆಯಲ್ಲಿ ಈ ಪ್ರಶ್ನೆ ಕೇಳುವವರು ಇನ್ನೂ ಹುಷಾರಾಗಿರಬೇಕು. ಹಿಂಡಿದ ಜೇನನ್ನು ಹಾಗೆಯೇ ಪೊರೆಯ ಮೇಲೆ ಇಟ್ಟರೆ ಅದು ನೀರನ್ನು ಎಳೆಯುತ್ತದೆ, ಪೊರೆ ಸುಕ್ಕುಗಟ್ಟುತ್ತದೆ. ಆಗ ಮೊದಲೇ ಇದ್ದ ನಾಳಗಳು ಬಿಲ್ಲೆಯ ಕಡೆಗೆ ಎಳೆದುಕೊಂಡು ಬಂದು, ಹೊಸದಾಗಿ ಹುಟ್ಟಿದವೆಂಬ ಭ್ರಮೆ ಹುಟ್ಟಿಸುತ್ತವೆ. ಹುಳಿಯಿಂದ ಪೊರೆಗೆ ಉರಿಯಾದರೂ ಅಷ್ಟೇ. ಸೋಪು, ಕ್ರೀಮುಗಳು ಕಣ್ಣಿಗೆ ಉರಿ ತರುತ್ತವೆಯೇ ಎಂದು ಮೊಲಗಳ ಕಣ್ಣಿಗೆ ಹಾಕಿ ನೋಡುವ ಬದಲು ಇದೇ ಪೊರೆಯ ಮೇಲೆ ಹಾಕಿ, ಐದು ನಿಮಿಷದೊಳಗೆ ರಕ್ತ ಒಸರುತ್ತದೆಯೇ ಎಂದು ನೋಡುವ ಪದ್ಧತಿ 1980ರ ದಶಕದಿಂದ ಇದೆ. ಪೊರೆ ಅಷ್ಟು ಸೂಕ್ಷ್ಮ. ಉರಿಯೂತ ತಾನಾಗಿಯೇ ನಾಳಗಳನ್ನು ಕರೆಯುತ್ತದೆ. ಕಿಟಕಿ ಕತ್ತರಿಸುವಾಗ ಉದುರಿದ ಓಡಿನ ಪುಡಿ ಸಾಕು, ಅದರ ಸುತ್ತಲೂ ನಾಳ ಹುಟ್ಟಿಬಿಡುತ್ತದೆ.

ಅದಕ್ಕೇ ಬರೀ ಜೇನಿನ ಮೊಟ್ಟೆಗಳನ್ನು ನೋಡಿದರೆ ಪ್ರಯೋಗ ಆಗಲಿಲ್ಲ. ಅದರ ಪಕ್ಕದಲ್ಲಿ ಬರೀ ಲವಣದ ನೀರು ಇಟ್ಟ ಮೊಟ್ಟೆಗಳು ಬೇಕು. ವಿಇಜಿಎಫ್ ಇಟ್ಟ ಮೊಟ್ಟೆಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೇನಿನಲ್ಲಿರುವಷ್ಟೇ ಫ್ರಕ್ಟೋಸ್, ಗ್ಲೂಕೋಸ್ ಕಲಸಿ ಮಾಡಿದ ಸಕ್ಕರೆ ಪಾಕ ಇಟ್ಟ ಮೊಟ್ಟೆಗಳು ಬೇಕು. ಪಾಕವೂ ಜೇನಿನಷ್ಟೇ ನಾಳ ಬೆಳೆಸಿದರೆ ಕೀರ್ತಿ ಸಕ್ಕರೆಗೆ ಹೋಗಬೇಕು, ಜೇನ್ನೊಣಕ್ಕಲ್ಲ. ಕವಲು ಎಣಿಸುವವರಿಗೆ ಯಾವ ಮೊಟ್ಟೆಗೆ ಏನು ಇಟ್ಟಿದೆ ಎಂಬುದು ಗೊತ್ತಿರಬಾರದು. ಇಷ್ಟು ಮಾಡದ ಪ್ರಯೋಗದ ಫಲಿತಾಂಶವನ್ನು ಓದಿ ಪಕ್ಕಕ್ಕಿಡುವುದೇ ಲೇಸು.

ಇನ್ನು ಯಾವ ಜೇನು ಎಂಬುದು. ನಮ್ಮ ಕೊಡಗು, ಮಲೆನಾಡಿನ ಪೆಟ್ಟಿಗೆಗಳಲ್ಲಿ ತುಡುವೆ ಜೇನು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಮರ ಹತ್ತಿ, ಹೊಗೆ ಹಾಕಿ ಇಳಿಸುವುದು ಹೆಜ್ಜೇನು. ಗೋಡೆಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಸಿಗುವ ಮಿಸರಿ ಜೇನು ಇನ್ನೂ ನೀರು, ಇನ್ನೂ ಹುಳಿ. ಮಲೆನಾಡಿನವರು ಅದನ್ನು ಔಷಧಿಗೆಂದೇ ತೆಗೆದಿಡುತ್ತಾರೆ. ನ್ಯೂಜಿಲೆಂಡಿನ ಮಾನುಕಾ ಜೇನಿನ ಸೂಕ್ಷ್ಮಾಣುನಾಶಕ ಶಕ್ತಿಯ ಹಿಂದೆ ಮುಖ್ಯವಾಗಿ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕವಿದೆ ಎಂದು 2008ರಲ್ಲಿ ಜರ್ಮನಿಯಿಂದ ವರದಿಯಾಯಿತು. ಜೇನನ್ನು ಕಾಯಿಸಿದರೆ ಕಿಣ್ವ ಕೆಡುತ್ತದೆ. ಅಂಗಡಿಯ ಬಾಟಲಿಯಲ್ಲಿ ಜೇನಿನ ಜೊತೆ ಸಕ್ಕರೆ ಪಾಕ ಬೆರೆತಿರುವ ಪ್ರಕರಣಗಳನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ ಬಯಲಿಗೆಳೆದದ್ದು ನಿಮಗೆ ನೆನಪಿರಬಹುದು. ಹೀಗಿರುವಾಗ ಒಂದು ಬಾಟಲಿಯ ಫಲಿತಾಂಶವನ್ನು ಎಲ್ಲ ಜೇನಿಗೂ ಅನ್ವಯಿಸುವುದು ಹೇಗೆ?

ಹಾಗಾದರೆ ಜೇನಿನಿಂದ ಗಾಯ ಮಾಯುವುದು ಸುಳ್ಳೇ? ಸುಳ್ಳಲ್ಲ. ಸುಶ್ರುತ ಗಾಯಕ್ಕೆ ಜೇನು, ತುಪ್ಪ ಹಚ್ಚಲು ಹೇಳಿದ್ದಾನೆ. ಈಜಿಪ್ಟಿನ ಹಳೆಯ ಪಪೈರಸ್ ಸುರುಳಿಯಲ್ಲೂ ಜೇನಿನ ಪಟ್ಟಿಯಿದೆ. 1991ರಲ್ಲಿ ಮಹಾರಾಷ್ಟ್ರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯದ 104 ಜನರಲ್ಲಿ ಅರ್ಧದಷ್ಟು ಮಂದಿಗೆ ಜೇನು, ಉಳಿದರ್ಧಕ್ಕೆ ಆಗ ರೂಢಿಯಲ್ಲಿದ್ದ ಸಿಲ್ವರ್ ಸಲ್ಫಡಯಾಜಿನ್ ಮುಲಾಮು ಹಚ್ಚಿ ಹೋಲಿಸಿದರು. ನಾನು ಮೊದಲು ಹೇಳಿದ ಆ ಕೆಂಪು ಹಸಿ ಮಾಂಸ ಜೇನಿನವರಲ್ಲಿ ಸರಾಸರಿ 7.4 ದಿನಕ್ಕೆ ಕಾಣಿಸಿತು, ಮುಲಾಮಿನವರಲ್ಲಿ 13.4 ದಿನಕ್ಕೆ. 2015ರಲ್ಲಿ ಕಾಕ್ರೇನ್ ಸಂಸ್ಥೆ 26 ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡಿತು. ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತದೆ, ಆಪರೇಷನ್ ನಂತರ ಕೀವಾದ ಗಾಯಕ್ಕೂ ಪ್ರಯೋಜನವಿದೆ ಎಂದಿತು. ಕಾಲಿನ ಅಭಿಧಮನಿಯ ಹುಣ್ಣಿಗೆ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಇಲ್ಲಿಯೂ ಗಾಯ ಮಾಯಿಸಿದ್ದು ಹೊಸ ನಾಳವೋ, ಸೂಕ್ಷ್ಮಾಣುಗಳ ಸಾವೋ, ಗಾಯ ಒಣಗದಂತೆ ಇಟ್ಟ ತೇವವೋ ಎಂಬುದನ್ನು ರೋಗಿಯ ಮೈಮೇಲೆ ಬಿಡಿಸಿ ನೋಡಲಾಗದು. ಹಾಗೆ ಬಿಡಿಸಿ ನೋಡಲೆಂದೇ ಮೊಟ್ಟೆ ಬೇಕಾಗುವುದು.

ಆದರೆ ಮೊಟ್ಟೆಯೊಳಗಿನ ಭ್ರೂಣಕ್ಕೆ ರೋಗನಿರೋಧಕ ಶಕ್ತಿ ಇನ್ನೂ ಬಲಿತಿಲ್ಲ. ಅದರ ಪೊರೆ ಹೇಗಿದ್ದರೂ ದಿನದಿನಕ್ಕೆ ನಾಳ ಬೆಳೆಸುತ್ತಲೇ ಇರುತ್ತದೆ. ಎಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವರ ಪಾದ ಹಾಗಲ್ಲ. ಪೊರೆಯ ಮೇಲೆ ನೇರ ಇಟ್ಟ ಹನಿಗೂ, ನಾವು ನೆಕ್ಕಿ ನುಂಗಿ, ಹೊಟ್ಟೆಯಲ್ಲಿ ಅರಗಿ, ರಕ್ತಕ್ಕೆ ಸೇರುವ ಹೊತ್ತಿಗೆ ಉಳಿದ ಅಂಶಕ್ಕೂ ಅಜಗಜಾಂತರ. ಮೊಟ್ಟೆಯಲ್ಲಿ ನಾಳ ತಡೆದ ಪದಾರ್ಥ ರೋಗಿಯ ಗಡ್ಡೆಯನ್ನು ಕರಗಿಸುತ್ತದೆ ಎಂದು ಹೇಳಲು ಇನ್ನೂ ಎಷ್ಟೋ ಮೆಟ್ಟಿಲು ಹತ್ತಬೇಕು, ಬಹುಪಾಲು ಪದಾರ್ಥಗಳು ನಡುವೆಯೇ ನಿಂತುಹೋಗುತ್ತವೆ.

ಕೊನೆಗೆ ಮನೆಗೆ ಬೇಕಾದ ಎರಡು ಮಾತು. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ಅಡುಗೆಮನೆಯ ಡಬ್ಬಿಯ ಜೇನಿನಲ್ಲಿ ಸೂಕ್ಷ್ಮಾಣುಗಳ ಬೀಜಕಗಳಿರಬಹುದು. ಆಳದ ಗಾಯಕ್ಕೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಅದನ್ನು ನೀವಾಗಿಯೇ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ. ಅದೇ ಬೀಜಕಗಳ ಕಾರಣದಿಂದ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. ಹಸುಳೆಯ ಕರುಳಿನಲ್ಲಿ ಅವು ಮೊಳೆತು ಸ್ನಾಯುಗಳ ಶಕ್ತಿಯನ್ನೇ ಕುಗ್ಗಿಸುವ ಬಾಟುಲಿಸಂ ಎಂಬ ಕಾಯಿಲೆ ತರಬಲ್ಲವು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಹಚ್ಚುವ ಪದ್ಧತಿ ನಮ್ಮಲ್ಲಿ ಇನ್ನೂ ಇರುವುದರಿಂದ ಅಜ್ಜಿಯರಿಗೂ ಈ ಮಾತು ತಲುಪಲಿ.

ಮುಂದೆ ಯಾರಾದರೂ ಜೇನು ರಕ್ತನಾಳ ಬೆಳೆಸುತ್ತದೆ ಎಂದೋ, ತಡೆಯುತ್ತದೆ ಎಂದೋ ಹೇಳಿದರೆ ಅವರನ್ನು ನಾಲ್ಕು ಪ್ರಶ್ನೆ ಕೇಳಿ. ಯಾವ ಜೇನು? ಎಷ್ಟು ನೀರು ಬೆರೆಸಿದ್ದು? ಪಕ್ಕದಲ್ಲಿ ಸಕ್ಕರೆ ಪಾಕ ಇಟ್ಟು ನೋಡಿದ್ದಾರೆಯೇ? ನೋಡಿದ್ದು ಮೊಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ನಾಲ್ಕಕ್ಕೂ ಉತ್ತರ ಸಿಕ್ಕರೆ ಆ ಮಾತನ್ನು ನಂಬುವುದೋ ಬಿಡುವುದೋ ಎಂದು ನೀವೇ ತೀರ್ಮಾನಿಸಬಹುದು. ಸಿಗದಿದ್ದರೆ ಜೇನನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನಿ, ರುಚಿಯ ಬಗ್ಗೆ ಯಾರ ತಕರಾರೂ ಇಲ್ಲ.